ಕೊಪ್ಪಳದಲ್ಲಿ ಎರಡು ದಿನ, ಸ್ಕೆಚ್ ಮಾಡೋಕೆ ಎಲ್ಲಿ ಕೂರಲಿ?

ರಾಯಚೂರು ಪೆನ್ಸಿಲ್:
ಎಲ್ಲರಿಗೂ ನಮಸ್ಕಾರ. ಬರುವ ವಾರ ಕೊಪ್ಪಳದಲ್ಲಿ ಎರಡು ದಿನ ಇರುತ್ತೇನೆ. ಆನೆಗೊಂದಿ, ಅಂಜನಾದ್ರಿ ನೋಡಿಯಾಗಿದೆ. ಅಲ್ಲೇ ಊರಲ್ಲಿರುವ ಚಿತ್ರಕಾರರು ಇದ್ದರೆ ಹೇಳಿ, ಬಿಡುವು ಸಿಕ್ಕಾಗ ನೀವು ಎಲ್ಲಿಗೆ ಹೋಗುತ್ತೀರಿ? ನನ್ನದೆಲ್ಲ ಬಸ್ಸಲ್ಲೇ ಓಡಾಟ.

ಬೋರ್ಡ್ ಬರೆಯುವವ:
ಅಕ್ಕಾ, ನಾನು ಹದಿನೈದು ವರ್ಷದಿಂದ ಇಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದೇನೆ. ನನ್ನ ಜಾಗ ಪಾಲ್ಕಿಗುಂಡು. ಗವಿಮಠಕ್ಕೆ ಎಲ್ಲರೂ ಹೋಗುತ್ತಾರೆ, ಅಲ್ಲೂ ಅಶೋಕನ ಶಾಸನ ಇದೆ, ನೀವೂ ಬೆಳಿಗ್ಗೆ ಹೋಗಿ ಬನ್ನಿ. ಪಾಲ್ಕಿಗುಂಡನ್ನು ಮಾತ್ರ ಸಂಜೆ ಹತ್ತಿ. ಎರಡು ದೊಡ್ಡ ಗುಂಡುಗಳ ಮೇಲೆ ಅಗಲವಾದ ಒಂದು ಬಂಡೆ ಪಲ್ಲಕ್ಕಿಯ ಹಾಗೆ ಕೂತಿದೆ, ಅದರ ಅಡಿಯಲ್ಲಿ ಶಾಸನ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಅಕ್ಷರಗಳು ಬಹಳ ಸವೆದಿವೆ. ಆದರೆ ನಾನು ದಿನಾ ಬರೆಯುವ ಕನ್ನಡ ಅಕ್ಷರಗಳ ಮೂಲ ಈ ಬ್ರಾಹ್ಮಿಯೇ ಅಲ್ವಾ! ಅದರಲ್ಲಿ 'ಕ' ಅಂದರೆ ಲೆಕ್ಕದಲ್ಲಿ ಕೂಡಿಸುವ ಗುರುತು, 'ಠ' ಅಂದರೆ ಸುಮ್ನೆ ಒಂದು ಸೊನ್ನೆ. ನಮ್ಮ 'ಠ' ಇವತ್ತಿಗೂ ಆ ದುಂಡು ಬಿಟ್ಟಿಲ್ಲ. ಅದನ್ನು ಗುರುತಿಸಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ದಯವಿಟ್ಟು ಕಲ್ಲಿಗೆ ಕೈ ಹಚ್ಚಬೇಡಿ, ಚಾಕ್ ತಿಕ್ಕಬೇಡಿ. ಹಾಗೆ ಮಾಡಿದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಹುಣಸೆ ಬೀಜ:
ಕಿನ್ನಾಳ ಬಿಟ್ಟರೆ ಹೇಗೆ? ಕೊಪ್ಪಳದಿಂದ ಬಸ್ ಇದೆ. ಚಿತ್ರಗಾರರ ಮನೆಗಳಲ್ಲಿ ಹಗುರವಾದ ಮರ ಕೆತ್ತಿ ಗೊಂಬೆ ಮಾಡುತ್ತಾರೆ. ಹುಣಸೆ ಬೀಜದ ಅಂಟು, ಸೆಣಬು, ಮರದ ಪುಡಿ ಸೇರಿಸಿ 'ಕಿಟ್ಟ' ಅಂತ ಮಾಡಿಕೊಂಡು ತುಂಡುಗಳ ಸಂದು ಮುಚ್ಚಿ, ಆಮೇಲೆ ಬಣ್ಣ. ನಾನು ಒಮ್ಮೆ ಒಂದು ಗರುಡನಿಗೆ ಕಣ್ಣು ಬರೆಯುವುದನ್ನು ನೋಡುತ್ತಾ ಮಧ್ಯಾಹ್ನವೆಲ್ಲ ಕೂತಿದ್ದೆ. ಕೇಳಿಯೇ ಸ್ಕೆಚ್ ಮಾಡಿ, ಅದು ಅವರ ದುಡಿಮೆಯ ಹೊತ್ತು. ಒಂದು ಸಣ್ಣ ಗೊಂಬೆಯಾದರೂ ಕೊಳ್ಳಿ, ಚೌಕಾಸಿ ಬೇಡ.

ಇಟಗಿ ಹುಡುಗಿ:
ಎರಡನೇ ದಿನ ನಮ್ಮ ಇಟಗಿಗೆ ಬನ್ನಿ ಅಕ್ಕಾ. ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನವೇ ಇದನ್ನು 'ದೇವಾಲಯ ಚಕ್ರವರ್ತಿ' ಅನ್ನುತ್ತದೆ. ಇಡೀ ಗುಡಿ ಬರೆಯೋಕೆ ಹೋಗಬೇಡಿ, ಒಂದೇ ಕಂಬ ಹಿಡಿಯಿರಿ, ಅದಕ್ಕೇ ಅರ್ಧ ದಿನ ಬೇಕು. ಹೊತ್ತು ಉಳಿದರೆ ಕುಕನೂರಿನ ನವಲಿಂಗ ಗುಡಿ.

ರಾಯಚೂರು ಪೆನ್ಸಿಲ್:
ಥ್ಯಾಂಕ್ಸ್! ಪಾಲ್ಕಿಗುಂಡಿಗೆ ಸಂಜೆ ಒಬ್ಬಳೇ ಹೋಗಬಹುದಾ?

ಬೋರ್ಡ್ ಬರೆಯುವವ:
ಒಬ್ಬರೇ ಬೇಡ ಅಕ್ಕಾ. ನಾನೂ ನನ್ನ ಹೆಂಡತಿಯೂ ಬರುತ್ತೇವೆ, ಅವಳಿಗೂ ಆ ಜಾಗ ಇಷ್ಟ. ನಾಲ್ಕೂವರೆಗೆ ಹತ್ತೋಣ, ಕತ್ತಲಾಗೋ ಮುಂಚೆ ಇಳಿಯೋಣ. ನೀರು ಜಾಸ್ತಿ ತನ್ನಿ.