ಹೆಂಡತಿಯ ಅಜ್ಜಿ ಯುದ್ಧದಲ್ಲಿ ಗುಪ್ತಚರರಾಗಿದ್ದರಾ? ಎಲ್ಲಿಂದ ಹುಡುಕಬೇಕು?

ಕಡತಪ್ರಿಯ:
ನನ್ನ ಹೆಂಡತಿ ಫ್ರಾನ್ಸಿನವಳು. ಅವಳ ಅಜ್ಜಿ 1921ರಲ್ಲಿ ಲೀಲ್ ಹತ್ತಿರ ಹುಟ್ಟಿದವರು, ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು, ಈಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಕೆಳಗಿದ್ದ ಆ ವರ್ಷಗಳ ಬಗ್ಗೆ ಅವರು ಬಾಯಿ ಬಿಟ್ಟಿದ್ದೇ ಇಲ್ಲವಂತೆ. ಅವರ ಕಾಗದಗಳ ನಡುವೆ ಯುದ್ಧ ಮುಗಿದ ಮೇಲೆ ಕೊಟ್ಟ ಒಂದು ಪ್ರಮಾಣಪತ್ರ ಸಿಕ್ಕಿದೆ, ಅದರಲ್ಲಿ "ಪಿ1 ಏಜೆಂಟ್" ಅಂತ ಇದೆ. ಬ್ರಿಟಿಷ್ ವಿಮಾನದವರನ್ನು ಮನೆಯಲ್ಲಿ ಬಚ್ಚಿಟ್ಟಿದ್ದರು ಅಂತ ದೂರದ ಸಂಬಂಧಿಯೊಬ್ಬರು ಹೇಳುತ್ತಾರೆ. ಇವರು ಬ್ರಿಟಿಷರಿಗೆ ಕೆಲಸ ಮಾಡಿದ್ದರಾ, ಫ್ರೆಂಚರಿಗಾ? ಲಂಡನ್ನಿಗೆ ಬರೆಯಲಾ, ಪ್ಯಾರಿಸ್ಸಿಗಾ? ನಮ್ಮ ಮಕ್ಕಳಿಗೆ ಇದನ್ನು ಸರಿಯಾಗಿ ಹೇಳಬೇಕು ಅನ್ನೋ ಆಸೆ.

ಹಳೇದಾಖಲೆ:
ಲಂಡನ್ ಆಮೇಲೆ. ಮೊದಲು ಫ್ರಾನ್ಸೇ ನೋಡಿ. ಪಿ1 ಅನ್ನೋದು ಸುಮ್ನೆ ಬರೆದದ್ದಲ್ಲ. ಪಿ0 ಅಂದರೆ ಆಗಾಗ ನೆರವಾದವರು, ಪಿ1 ಅಂದರೆ ತಮ್ಮ ನೌಕರಿಯಲ್ಲಿ ಇದ್ದುಕೊಂಡೇ ಜರ್ಮನ್ನರ ವಿರುದ್ಧದ ಗುಪ್ತ ಜಾಲಕ್ಕೆ ನಿಯಮಿತವಾಗಿ ದುಡಿದವರು, ಪಿ2 ಅಂದರೆ ಎಲ್ಲ ಬಿಟ್ಟು ಪೂರ್ತಿ ಭೂಗತರಾದವರು. ಅಂಚೆ ಕಚೇರಿಯ ಕೆಲಸಕ್ಕೂ ಪಿ1ಗೂ ಚೆನ್ನಾಗಿ ಹೊಂದುತ್ತದೆ ಅಲ್ವಾ.

ಪ್ಯಾರಿಸ್ ಪಕ್ಕದ ವ್ಯಾಂಸೆನ್ ಕೋಟೆಯಲ್ಲಿ ಸೇನೆಯ ಇತಿಹಾಸ ವಿಭಾಗವಿದೆ. ಅಲ್ಲಿ "ಜಿಆರ್ 16 ಪಿ" ಅನ್ನೋ ಸಾಲಿನಲ್ಲಿ ಪ್ರತಿರೋಧದಲ್ಲಿದ್ದ ಸುಮಾರು 6 ಲಕ್ಷ ಜನರ ಕಡತಗಳಿವೆ. ಹೆಸರು, ಹುಟ್ಟಿದ ದಿನ, ಊರು "ಮೆಮ್ವಾರ್ ದೆಸ್ ಓಮ್" ಜಾಲತಾಣದಲ್ಲೇ ಹುಡುಕಬಹುದು. ಹೆಂಗಸರ ವಿಷಯದಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಹಾಕಿ ನೋಡಿ, ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಇರಬಹುದು. ಅವರ ಜಿಲ್ಲೆಯ ದಾಖಲೆ ಕಚೇರಿಗೂ ಬರೆಯಿರಿ. 1949ರ ಕಾಯ್ದೆಯ ಪ್ರಕಾರ ಪ್ರತಿರೋಧದಲ್ಲಿದ್ದವರಿಗೆ ಒಂದು ಗುರುತಿನ ಚೀಟಿ ಕೊಡುತ್ತಿದ್ದರು, ಆ ಅರ್ಜಿಗಳು ಅಲ್ಲಿರುತ್ತವೆ. ಹಾಗಂತ ಎರಡೂ ಕಡೆ ಏನೂ ಸಿಗದಿದ್ದರೆ ಏನೂ ಮಾಡಿಲ್ಲ ಅಂತ ಅಲ್ಲ. ಅರ್ಜಿ ಹಾಕಿದವರಿಗೆ ಮಾತ್ರ ಕಡತ ಹುಟ್ಟಿದ್ದು, ಹೆಂಗಸರು ಅರ್ಜಿ ಹಾಕಿದ್ದೇ ಕಡಿಮೆ.

ಕಡತಪ್ರಿಯ:
ತುಂಬಾ ಥ್ಯಾಂಕ್ಸ್. ಹಾಗಾದರೆ ಬ್ರಿಟಿಷ್ ಕಡತ ಇರುವ ಸಾಧ್ಯತೆಯೇ ಇಲ್ವಾ?

ಉತ್ತರದಿಕ್ಕು:
ಅದು ಯಾವ ಜಾಲ ಅನ್ನೋದರ ಮೇಲೆ ನಿಂತಿದೆ. ಪ್ರಮಾಣಪತ್ರದಲ್ಲಿ ಜಾಲದ ಹೆಸರು ಇರಬೇಕು, ಮೊದಲು ಅದನ್ನು ಓದಿ. ಕೊಮೆಟ್ ಅಂತಿದ್ದರೆ ಅದು ಬೆಲ್ಜಿಯಮ್ಮಿನಿಂದ ಫ್ರಾನ್ಸ್ ದಾಟಿ ಪಿರಿನೀಸ್ ಬೆಟ್ಟದ ಮೂಲಕ ವಿಮಾನದವರನ್ನು ಸ್ಪೇನಿಗೆ ಮುಟ್ಟಿಸುತ್ತಿದ್ದ ದಾರಿ. ಅಲಿಯಾನ್ಸ್ ಅಂತಿದ್ದರೆ ಅದು ಸುದ್ದಿ ಸಂಗ್ರಹದ ಜಾಲ, ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6 ಜೊತೆ ಕೆಲಸ ಮಾಡಿತ್ತು, ಆದರೆ ಎಂಐ6 ತನ್ನ ಕಡತಗಳನ್ನು ಹೊರಗೆ ಬಿಡುವುದಿಲ್ಲ. ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ದಾಖಲೆ ಭವನದಲ್ಲಿ ಸಿಗುವ ಏಜೆಂಟರ ಕಡತಗಳು, ಶತ್ರು ಹಿಡಿದ ದೇಶಗಳಲ್ಲಿ ಗುಪ್ತ ಕೆಲಸ ನಡೆಸಿದ ಬ್ರಿಟನ್ನಿನ ಎಸ್‌ಒಇ ಸಂಸ್ಥೆಯವು, "ಎಚ್‌ಎಸ್ 9" ಸಾಲು. ಹುಟ್ಟಿ 100 ವರ್ಷ ಆಗುವವರೆಗೆ ಅವನ್ನು ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತಾರೆ, ತೀರಿಕೊಂಡ ದಾಖಲೆ ಕೊಟ್ಟರೆ ಮೊದಲೇ ತೆರೆಸಬಹುದು. ನಿಮ್ಮ ಅಜ್ಜಿಗೆ ಆ ತೊಂದರೆ ಈಗಿಲ್ಲ. ಆದರೆ 1946ರಲ್ಲಿ ಆ ಸಂಸ್ಥೆಯ ಕಚೇರಿಗೆ ಬೆಂಕಿ ಬಿದ್ದು ಬಹಳಷ್ಟು ಕಾಗದ ಹೋಯಿತು.

ಕಡತ ಸಿಕ್ಕರೂ ಅದರ ಮಾತೇ ಕೊನೆ ಅಂದುಕೊಳ್ಳಬೇಡಿ. ಎಸ್‌ಒಇ ಪ್ಯಾರಿಸ್ಸಿಗೆ ಕಳಿಸಿದ್ದ ರೇಡಿಯೊ ಏಜೆಂಟ್ ನೂರ್ ಇನಾಯತ್ ಖಾನ್ ಅವರ ಕಡತ ಅಲ್ಲೇ ಇದೆ. ತರಬೇತಿ ಕೊಟ್ಟವರಲ್ಲಿ ಕೆಲವರು ಇವರು ಈ ಕೆಲಸಕ್ಕೆ ಆಗುವವರಲ್ಲ ಅಂತ ಬರೆದಿದ್ದರು. ಅದೇ ನೂರ್ ಪ್ಯಾರಿಸ್ಸಿನಲ್ಲಿ ಜೊತೆಯವರು ಒಬ್ಬೊಬ್ಬರೇ ಸಿಕ್ಕಿಬೀಳುತ್ತಿದ್ದಾಗಲೂ ವಾಪಸ್ ಬರಲು ಒಪ್ಪದೆ ರೇಡಿಯೊದಲ್ಲಿ ಸಂದೇಶ ಕಳಿಸುತ್ತಲೇ ಇದ್ದರು. 1944ರ ಸೆಪ್ಟೆಂಬರ್‌ನಲ್ಲಿ ಜರ್ಮನ್ನರು ಡಾಕೌ ಸೆರೆಶಿಬಿರದಲ್ಲಿ ಅವರನ್ನು ಕೊಂದರು. ಆ ವರದಿ ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ನದಿತೀರ:
ಬಚ್ಚಿಟ್ಟ ಮಾತು ನಿಜವಾದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಭರವಸೆಯದು ಅನಿಸುತ್ತದೆ. ತಪ್ಪಿಸಿಕೊಂಡು ಇಂಗ್ಲೆಂಡ್ ಮುಟ್ಟಿದ ವಿಮಾನದವರನ್ನು ಕೂರಿಸಿ ಎಲ್ಲೆಲ್ಲಿ ಉಳಿದಿರಿ, ಯಾರು ಊಟ ಬಟ್ಟೆ ಕೊಟ್ಟರು ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಬ್ರಿಟಿಷರ ವರದಿಗಳು ಕ್ಯೂನಲ್ಲಿ "ಡಬ್ಲ್ಯುಒ 208" ಸಾಲಿನಲ್ಲಿವೆ. ಅಮೆರಿಕದವರ ವರದಿಗಳೂ, ಅವರಿಗೆ ನೆರವಾದ ಫ್ರೆಂಚರ ಕಡತಗಳೂ ಅಮೆರಿಕದ ರಾಷ್ಟ್ರೀಯ ದಾಖಲೆ ಭವನದಲ್ಲಿವೆ, ಆನ್‌ಲೈನಿನಲ್ಲಿ ಬಹಳಷ್ಟು ಸಿಗುತ್ತದೆ. ಅಜ್ಜಿಯ ಹೆಸರಿಂದ ಮಾತ್ರ ಹುಡುಕಬೇಡಿ, ಊರಿನ ಹೆಸರಿಂದಲೂ ಹುಡುಕಿ. ಓಡಿ ಬಂದ ಹುಡುಗನಿಗೆ ಮನೆಯಾಕೆಯ ನಿಜವಾದ ಹೆಸರು ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ, ಗೊತ್ತಿರಬಾರದು ಅನ್ನೋದೇ ನಿಯಮ.

ಅತ್ತೆ ಇದ್ದರೆ ಅವರ ಒಪ್ಪಿಗೆ ಕೇಳಿಯೇ ಶುರುಮಾಡಿ. ಇಂಥ ಕಡತದಲ್ಲಿ ಸಿಕ್ಕಿಬಿದ್ದವರ ಹೆಸರೂ ಇರುತ್ತದೆ, ಹಿಡಿದುಕೊಟ್ಟ ನೆರೆಯವರ ಹೆಸರೂ ಇರಬಹುದು. ಆ ಮನೆತನಗಳು ಇವತ್ತಿಗೂ ಅದೇ ಬೀದಿಯಲ್ಲಿ ಇರಬಹುದು. ಜಾಲದ ಹೆಸರು ಓದಲು ಕಷ್ಟವಾದರೆ ಅಜ್ಜಿಯ ಹೆಸರು ಮುಚ್ಚಿ ಫೋಟೊ ಹಾಕಿ, ನೋಡಿ ಹೇಳುತ್ತೇವೆ.