ರೆಡಿಮೇಡ್ ಸೇಫ್ಟಿ ಕೋರ್ಸ್: ದುಡ್ಡು ಕಟ್ಟುವ ಮುಂಚೆ ಮೂಡಲ್‌ನಲ್ಲಿ ಏನೇನು ಪರೀಕ್ಷಿಸಬೇಕು?

ತರಬೇತಿ_ದಾಬಸ್‌ಪೇಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶೀಟ್ ಮೆಟಲ್ ಬಿಡಿಭಾಗ ತಯಾರಿಸುವ ಘಟಕ. ಕಾಯಂ 180, ಗುತ್ತಿಗೆ 340 ಜನ. ಪವರ್ ಪ್ರೆಸ್, ವೆಲ್ಡಿಂಗ್, ಪೌಡರ್ ಕೋಟಿಂಗ್, 4 ಫೋರ್ಕ್‌ಲಿಫ್ಟ್. ಎಲ್‌ಎಂಎಸ್ (ಆನ್‌ಲೈನ್ ತರಬೇತಿ ನಡೆಸುವ ಸಾಫ್ಟ್‌ವೇರ್) ಅಂದರೆ ಮೂಡಲ್, ನಮ್ಮದೇ ಸರ್ವರ್‌ನಲ್ಲಿದೆ. ಸೇಫ್ಟಿ ತರಬೇತಿಗೆ ರೆಡಿಮೇಡ್ ಕೋರ್ಸ್ ಕೊಳ್ಳಲು ಮ್ಯಾನೇಜ್‌ಮೆಂಟ್ ಒಪ್ಪಿದೆ. ಎರಡು ಕೊಟೇಶನ್ ಬಂದಿವೆ. ಒಂದು ಕಡೆಯವರು 45 ಕೋರ್ಸ್‌ಗಳ ಲೈಬ್ರರಿಯನ್ನು ತಲೆಗಿಷ್ಟು ಅಂತ ವರ್ಷದ ಲೈಸೆನ್ಸ್‌ಗೆ ಕೊಡುತ್ತಾರೆ. ಇನ್ನೊಬ್ಬರು ಬೇಕಾದ ಕೋರ್ಸ್‌ಗಳ ಸ್ಕಾರ್ಮ್ (ಎಲ್‌ಎಂಎಸ್‌ಗೆ ಹಾಕಬಹುದಾದ ಕೋರ್ಸ್ ಪ್ಯಾಕೇಜ್‌ನ ಮಾನಕ) ಜಿಪ್ ಫೈಲನ್ನೇ ಒಮ್ಮೆಗೆ ಮಾರುತ್ತಾರೆ, ಕನ್ನಡ ಧ್ವನಿಯೂ ಇದೆಯಂತೆ. ಯಾವುದು ಮೇಲು? 45ರಲ್ಲಿ ನಮಗೆ ನಿಜವಾಗಿ ಬೇಕಾದವು ಎಷ್ಟು? ಆನ್‌ಲೈನ್ ಸರ್ಟಿಫಿಕೇಟ್ ತೋರಿಸಿದರೆ ಆಡಿಟ್‌ಗೆ ಸಾಕಾ?

ಸ್ಕಾರ್ಮ್_ಮೆಕ್ಯಾನಿಕ್:

ತಾಂತ್ರಿಕ ಭಾಗ ಮಾತ್ರ ಹೇಳುತ್ತೇನೆ. ಮೊದಲ ಕೊಟೇಶನ್‌ನಲ್ಲಿ ನಿಮಗೆ ಸಿಗುವುದು ಬಹುಶಃ ‘ಡಿಸ್ಪ್ಯಾಚ್’ ಪ್ಯಾಕೇಜ್. ಸ್ಯಾಂಪಲ್ ಜಿಪ್ ತರಿಸಿ ಗಾತ್ರ ನೋಡಿ. ಅರ್ಧ ಗಂಟೆಯ ವಿಡಿಯೊ ಕೋರ್ಸ್ ಕೆಲವೇ ಕೆಬಿ ಇದ್ದರೆ ಒಳಗೆ ಕೋರ್ಸ್ ಇಲ್ಲ, ಮಾರಾಟಗಾರರ ಸರ್ವರ್‌ಗೆ ಹೋಗುವ ಕೊಂಡಿ ಮಾತ್ರ ಇದೆ ಅಂತ ಅರ್ಥ. ಅವರು ಪಾಠ ತಿದ್ದಿದರೆ ನಿಮ್ಮಲ್ಲೂ ತಾನಾಗಿ ಬದಲಾಗುತ್ತದೆ, ಅದು ಒಳ್ಳೆಯದೇ. ಆದರೆ ಲೈಸೆನ್ಸ್ ಮುಗಿದ ದಿನ ಕೋರ್ಸ್ ತೆರೆಯುವುದಿಲ್ಲ, ಇಂಟರ್ನೆಟ್ ಇಲ್ಲದಾಗ ಓಡುವುದಿಲ್ಲ, ಕಂಪನಿಯ ಫೈರ್‌ವಾಲ್ ಅವರ ಡೊಮೇನನ್ನು ತಡೆದರೆ ಬಿಳಿ ಪರದೆ ಬರುತ್ತದೆ. ಮೂಡಲ್ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ಆಫ್‌ಲೈನ್ ನೋಡುವುದೂ ಆಗದು. ಶಾಪ್ ಫ್ಲೋರ್‌ನಲ್ಲಿ ವೈಫೈ ಹೇಗಿರುತ್ತದೆ ಅಂತ ಗೊತ್ತಲ್ಲ. ನಾನಾದರೆ ಪೂರ್ತಿ ಜಿಪ್ ಕೊಡುವವರ ಕಡೆಗೇ ವಾಲುತ್ತೇನೆ.

ಆವೃತ್ತಿ ಕೇಳಿಕೊಳ್ಳಿ. ಮೂಡಲ್ ಸರಿಯಾಗಿ ನಡೆಸುವುದು ಸ್ಕಾರ್ಮ್ 1.2 ಅನ್ನು. ಸ್ಕಾರ್ಮ್ 2004ರ ಜಿಪ್ ಅಪ್‌ಲೋಡ್ ಆದರೂ ಅದಕ್ಕೆ ಅಧಿಕೃತ ಬೆಂಬಲ ಇಲ್ಲ. ಹಾಗಾಗಿ 1.2 ಅಂತ ಆರ್ಡರ್‌ನಲ್ಲೇ ಬರೆಸಿ.

ಡೆಮೊ ಕೋರ್ಸನ್ನು ನಿಮ್ಮ ಸರ್ವರ್‌ಗೇ ಹಾಕಿ, ಅವರ ಸೈಟ್‌ನಲ್ಲಿ ನೋಡಿ ಒಪ್ಪಬೇಡಿ. ಅಪ್‌ಲೋಡ್ ಅರ್ಧಕ್ಕೇ ನಿಂತರೆ ಸರ್ವರ್‌ನಲ್ಲಿ ಮೂಡಲ್ ಓಡಿಸುವ ಪಿಎಚ್‌ಪಿಯ ಎರಡು ಮಿತಿಗಳನ್ನೂ ಏರಿಸಬೇಕು, ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್ ಮತ್ತು ಪೋಸ್ಟ್ ಮ್ಯಾಕ್ಸ್ ಸೈಜ್. ಒಂದನ್ನೇ ಏರಿಸಿದರೆ ಪ್ರಯೋಜನವಿಲ್ಲ. ‘ಮ್ಯಾನಿಫೆಸ್ಟ್ ಸಿಗಲಿಲ್ಲ’ ಅಂತ ದೋಷ ಬಂದರೆ ಜಿಪ್ ಒಳಗೆ ಇನ್ನೊಂದು ಫೋಲ್ಡರ್ ಇರುತ್ತದೆ. ಮ್ಯಾನಿಫೆಸ್ಟ್ ಫೈಲ್ (ಕೋರ್ಸ್‌ನಲ್ಲಿ ಏನೇನಿದೆ ಅಂತ ಹೇಳುವ ಪಟ್ಟಿ) ಜಿಪ್‌ನ ಮೊದಲ ಹಂತದಲ್ಲೇ ಇರಬೇಕು. ಬಿಚ್ಚಿ, ಒಳಗಿನ ಫೈಲ್‌ಗಳನ್ನೆಲ್ಲ ಆಯ್ದು ಮತ್ತೆ ಜಿಪ್ ಮಾಡಿ.

ಆಮೇಲೆ ಒಂದು ಡಮ್ಮಿ ಖಾತೆಯಿಂದ ಕೋರ್ಸನ್ನು ಬೇಕೆಂದೇ ಕೆಡಿಸಿ ನೋಡಿ. ಮಧ್ಯದ ಸ್ಲೈಡ್‌ನಲ್ಲಿ ಬ್ರೌಸರ್ ಟ್ಯಾಬ್ ಮುಚ್ಚಿ ಮತ್ತೆ ತೆರೆಯಿರಿ, ನಿಂತಲ್ಲಿಂದ ಮುಂದುವರಿಯಬೇಕು. ಮೊದಲಿಂದ ಶುರುವಾದರೆ ಸಾಮಾನ್ಯ ಕಾರಣ ಸಸ್ಪೆಂಡ್ ಡೇಟಾ, ಅಂದರೆ ಎಲ್ಲಿ ನಿಲ್ಲಿಸಿದ್ದು ಅಂತ ಕೋರ್ಸ್ ಉಳಿಸಿಡುವ ಮಾಹಿತಿ. 1.2ರಲ್ಲಿ ಅದಕ್ಕೆ 4096 ಅಕ್ಷರಗಳ ಮಿತಿ, ಉದ್ದದ ಕೋರ್ಸ್‌ಗಳು ಅದನ್ನು ಮೀರುತ್ತವೆ. ಮೂಡಲ್‌ನ ಸ್ಕಾರ್ಮ್ ಸೆಟ್ಟಿಂಗ್‌ನಲ್ಲಿ ‘ಸ್ಟ್ಯಾಂಡರ್ಡ್ಸ್ ಮೋಡ್’ ಆಫ್ ಮಾಡಿದರೆ ಹೆಚ್ಚು ಉಳಿಸಿಕೊಳ್ಳುತ್ತದೆ. ಮುಂದೆ ಕ್ವಿಜ್‌ನಲ್ಲಿ ಒಮ್ಮೆ ಫೇಲ್ ಆಗಿ, ಒಮ್ಮೆ ಪಾಸ್ ಆಗಿ. ಕೋರ್ಸ್ ‘ಪಾಸ್ಡ್’ ಅಂತ ಕಳಿಸುತ್ತಿದ್ದು, ಚಟುವಟಿಕೆ ಮುಗಿಯುವ ಷರತ್ತಿನಲ್ಲಿ ನೀವು ‘ಕಂಪ್ಲೀಟೆಡ್’ ಮಾತ್ರ ಟಿಕ್ ಮಾಡಿದ್ದರೆ ಎಷ್ಟು ಸಲ ಪಾಸಾದರೂ ಕೆಲಸಗಾರನ ಹೆಸರಿನ ಮುಂದೆ ಟಿಕ್ ಬೀಳುವುದಿಲ್ಲ. ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಇದರ ಉಲ್ಟಾ ಇನ್ನೂ ಅಪಾಯ: ಕ್ವಿಜ್ ಮುಟ್ಟದೆ ಸ್ಲೈಡ್ ಸರಿಸಿದರೂ ‘ಕಂಪ್ಲೀಟೆಡ್’ ಬಂದರೆ ಆ ಕೋರ್ಸ್ ಬೇಡವೇ ಬೇಡ.

ಸೇಫ್ಟಿ_ಬಿಡದಿ:

ಇನ್ನು ಒಳಗಿನ ಸರಕಿನ ಮಾತು. ಇಂಥ ಲೈಬ್ರರಿಗಳಲ್ಲಿ ಬಹಳಷ್ಟು ಅಮೆರಿಕದ ಓಶಾ (ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆ) ನಿಯಮಗಳಿಗೆ ಬರೆದವು, ಆಮೇಲೆ ಧ್ವನಿ ಮಾತ್ರ ಬದಲಾಗಿರುತ್ತದೆ. ಬೇಗ ಪತ್ತೆ ಹಚ್ಚಲು ಬೆಂಕಿಯ ಕೋರ್ಸ್ ತೆರೆಯಿರಿ. ‘ಕ್ಲಾಸ್ ಸಿ’ ಅಂದರೆ ವಿದ್ಯುತ್ ಬೆಂಕಿ ಅಂತ ಹೇಳುತ್ತಿದ್ದರೆ ಅದು ಅಮೆರಿಕದ ವರ್ಗೀಕರಣ. ನಮ್ಮಲ್ಲಿ ಐಎಸ್ 2190 ಎಂಬ ಭಾರತೀಯ ಮಾನಕದ ಪ್ರಕಾರ ಸಿ ಅಂದರೆ ಅನಿಲದ ಬೆಂಕಿ. ಗೋಡೆಯ ಮೇಲಿನ ಸಿಲಿಂಡರ್ ಒಂದು ಹೇಳಿ ಕೋರ್ಸ್ ಇನ್ನೊಂದು ಹೇಳಿದರೆ ಕೆಲಸಗಾರ ಯಾವುದನ್ನು ನಂಬಬೇಕು? ಹಾಗೆಯೇ ತುರ್ತು ಸಂಖ್ಯೆ 911 ಅಂತ ಇದೆಯೇ, 112 ಅಂತ ಇದೆಯೇ ನೋಡಿ. ಎತ್ತರದ ಕೆಲಸಕ್ಕೆ 4 ಅಡಿ, 6 ಅಡಿ ಅಂತಿದ್ದರೆ ಅದೂ ಅಲ್ಲಿಯದೇ. 

ಭಾರತಕ್ಕೇ ಬರೆದ ಕೋರ್ಸ್ ಅಂದರೂ ಕಾನೂನಿನ ಸ್ಲೈಡ್ ನೋಡಿ. 1000 ಕಾರ್ಮಿಕರಿದ್ದರೆ ಮಾತ್ರ ಸೇಫ್ಟಿ ಆಫೀಸರ್ ಅಂತ ಬರೆದಿದ್ದರೆ ಅದು 1948ರ ಕಾರ್ಖಾನೆ ಕಾಯ್ದೆಯ ಹಳೆಯ ಲೆಕ್ಕ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಕಾರ್ಖಾನೆಗೆ 500, ಅಪಾಯಕಾರಿ ಪ್ರಕ್ರಿಯೆ ಇರುವಲ್ಲಿ 250. ನಿಮ್ಮದು ಒಟ್ಟು 520 ಜನ, ಈ ಒಂದು ಸ್ಲೈಡ್ ನಿಮಗೇ ನೇರವಾಗಿ ತಟ್ಟುತ್ತದೆ.

ಯಾವುದು ಬೇಕು ಅಂದರೆ: ಬೆಂಕಿ, ಪಿಪಿಇ (ಹೆಲ್ಮೆಟ್, ಕೈಗವಸಿನಂಥ ರಕ್ಷಣಾ ಸಾಧನ), ರಾಸಾಯನಿಕ, ವಿದ್ಯುತ್ ಅಪಾಯ, ಭಾರ ಎತ್ತುವುದು, ಲಾಕ್‌ಔಟ್-ಟ್ಯಾಗ್‌ಔಟ್ (ದುರಸ್ತಿಗೆ ಮುಂಚೆ ಯಂತ್ರದ ಶಕ್ತಿ ಕಡಿದು ಬೀಗ ಹಾಕಿ ಚೀಟಿ ಕಟ್ಟುವುದು), ವೆಲ್ಡಿಂಗ್, ಫೋರ್ಕ್‌ಲಿಫ್ಟ್ ಓಡಾಡುವ ಜಾಗದಲ್ಲಿ ನಡೆಯುವವರಿಗಾಗಿ ಒಂದು. ಎಂಟಾಯಿತು. 45ಕ್ಕೆ ದುಡ್ಡು ಯಾಕೆ? ರಾಸಾಯನಿಕದ ಕೋರ್ಸ್ ಹೊರದೇಶದ್ದಾದರೂ ನಡೆಯುತ್ತದೆ, ಡಬ್ಬಿಯ ಮೇಲಿನ ಜಿಎಚ್‌ಎಸ್ ಅಪಾಯ ಚಿತ್ರಗಳೂ ಎಸ್‌ಡಿಎಸ್‌ನ (ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ) 16 ವಿಭಾಗಗಳೂ ಎಲ್ಲ ಕಡೆ ಒಂದೇ. ಪವರ್ ಪ್ರೆಸ್‌ನದ್ದು ಮಾತ್ರ ರೆಡಿಮೇಡ್ ಕೊಳ್ಳಬೇಡಿ. ನಿಮ್ಮ ಪ್ರೆಸ್‌ನ ಗಾರ್ಡ್, ಎರಡು ಕೈ ಬಟನ್, ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಕಿರಣಗಳು) ಎಲ್ಲಿವೆ ಅಂತ ಬೇರೆಯವರ ವಿಡಿಯೊಗೆ ಗೊತ್ತಿರುವುದಿಲ್ಲ. ಮೊಬೈಲ್‌ನಲ್ಲೇ ಚಿತ್ರೀಕರಿಸಿ ನೀವೇ ಮಾಡಿ.

ಆಡಿಟ್‌ಗೆ ಸರ್ಟಿಫಿಕೇಟ್ ಒಂದೇ ಸಾಲದು. ಐಎಸ್‌ಒ 45001ರ (ಕೆಲಸದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ) 7.2ನೇ ಕಲಂ ಕೇಳುವುದು ಸಾಮರ್ಥ್ಯದ ಪುರಾವೆಯನ್ನು, ಪಾಠ ನೋಡಿದ್ದರ ಪುರಾವೆಯನ್ನಲ್ಲ. ಫೋರ್ಕ್‌ಲಿಫ್ಟ್‌ಗೆ ಓಶಾ ನಿಯಮವೇ ಪಾಠದ ಜತೆಗೆ ಕೈಯಾರೆ ಅಭ್ಯಾಸ, ಓಡಿಸಿ ತೋರಿಸುವ ಪರೀಕ್ಷೆ, ಕನಿಷ್ಠ 3 ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ಕೇಳುತ್ತದೆ. ಅಂದಮೇಲೆ ‘ಓಶಾ ಫೋರ್ಕ್‌ಲಿಫ್ಟ್ ಸರ್ಟಿಫಿಕೇಟ್ 40 ನಿಮಿಷದಲ್ಲಿ’ ಅನ್ನುವ ಜಾಹೀರಾತಿಗೆ ಅಮೆರಿಕದಲ್ಲೇ ಬೆಲೆಯಿಲ್ಲ.

ಲಾಕ್‌ಔಟ್‌ನಲ್ಲೂ ಅಷ್ಟೇ. ಮೇನ್ ಸ್ವಿಚ್‌ಗೆ ಬೀಗ ಹಾಕಿದ ಮೇಲೂ ಪ್ರೆಸ್‌ನ ಫ್ಲೈವೀಲ್ ತಿರುಗುತ್ತಿರುತ್ತದೆ, ಕ್ಲಚ್ ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ ಉಳಿದಿರುತ್ತದೆ, ಮೇಲೆ ನಿಂತ ರ್‍ಯಾಮ್ (ಕೆಳಗಿಳಿದು ಒತ್ತುವ ಭಾಗ) ತನ್ನ ತೂಕಕ್ಕೇ ಇಳಿಯಬಹುದು. ಫ್ಲೈವೀಲ್ ನಿಲ್ಲುವವರೆಗೆ ಕಾಯುವುದು, ಗಾಳಿ ಖಾಲಿ ಮಾಡುವುದು, ಡೈ ನಡುವೆ ಸೇಫ್ಟಿ ಬ್ಲಾಕ್ ಇಡುವುದು, ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಏಳುವುದಿಲ್ಲ ಅಂತ ಖಚಿತ ಮಾಡಿಕೊಳ್ಳುವುದು, ಇವನ್ನು ಸೂಪರ್‌ವೈಸರ್ ಎದುರು ನಿಂತು ನೋಡಿ ಸಹಿ ಮಾಡಬೇಕು.

ಸ್ಕಾರ್ಮ್_ಮೆಕ್ಯಾನಿಕ್:

ಆ ಸಹಿಯನ್ನೂ ಮೂಡಲ್‌ಗೇ ತನ್ನಿ. ಪ್ರತಿ ಕೋರ್ಸ್‌ನಲ್ಲಿ ಸ್ಕಾರ್ಮ್ ಆದ ಮೇಲೆ ಒಂದು ಅಸೈನ್‌ಮೆಂಟ್ ಇಟ್ಟು, ಸಲ್ಲಿಕೆಯ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಸೂಪರ್‌ವೈಸರ್‌ಗೆ ನಾನ್-ಎಡಿಟಿಂಗ್ ಟೀಚರ್ ಪಾತ್ರ ಕೊಟ್ಟರೆ ಅವರು ಚೆಕ್‌ಲಿಸ್ಟ್ ನೋಡಿ ಅಂಕ ಹಾಕುತ್ತಾರೆ. ಎರಡೂ ಮುಗಿದರೆ ಮಾತ್ರ ಸರ್ಟಿಫಿಕೇಟ್ ತೆರೆಯುವಂತೆ ನಿರ್ಬಂಧ ಹಾಕಿ.

ತರಬೇತಿ_ದಾಬಸ್‌ಪೇಟೆ:

ಇಬ್ಬರಿಗೂ ಧನ್ಯವಾದ ಸರ್. ಇನ್ನೆರಡು ತೊಡಕು. ಗುತ್ತಿಗೆಯವರಿಗೆ ಇಮೇಲ್ ಇಲ್ಲ. ಮತ್ತೆ ಕನ್ನಡ ಧ್ವನಿ ಇದ್ದರೆ ಸಾಕಾ, ಪರದೆಯ ಮೇಲಿನ ಅಕ್ಷರವೂ ಕನ್ನಡವಾಗಬೇಕಾ?

ಪಾಠಮನೆ_ಮೈಸೂರು:

ಖಾತೆಗೆ ಗೇಟ್ ಪಾಸ್ ನಂಬರೇ ಯೂಸರ್‌ನೇಮ್ ಆಗಲಿ. ಖಾತೆಗಳನ್ನು ಒಟ್ಟಿಗೆ ಸೇರಿಸುವ ಸಿಎಸ್‌ವಿ ಫೈಲ್‌ನಲ್ಲಿ ಇಮೇಲ್ ಕಾಲಂ ಖಾಲಿ ಬಿಡುವಂತಿಲ್ಲ. ಎಲ್ಲರಿಗೂ ತರಬೇತಿ ವಿಭಾಗದ ಒಂದೇ ವಿಳಾಸ ಹಾಕಿ, ‘ಒಂದೇ ಇಮೇಲ್‌ಗೆ ಹಲವು ಖಾತೆ’ ಸೆಟ್ಟಿಂಗ್ ಆನ್ ಮಾಡಿ. ಪಾಸ್‌ವರ್ಡ್ ನಿಯಮ ಸಡಿಲಿಸದಿದ್ದರೆ ದೊಡ್ಡಕ್ಷರ, ಚಿಹ್ನೆ ಅಂತ ಕೇಳುತ್ತದೆ, ಟ್ಯಾಬ್ಲೆಟ್ ಮುಂದೆ ಸಾಲು ಬೆಳೆಯುತ್ತದೆ. ಹಂಚಿಕೊಂಡ ಟ್ಯಾಬ್‌ನಲ್ಲಿ ಒಬ್ಬರು ಲಾಗ್‌ಔಟ್ ಆಗದೆ ಎದ್ದು ಹೋದರೆ ಮುಂದಿನವರ ಅಂಕ ಹಿಂದಿನವರ ಹೆಸರಿಗೆ ಬೀಳುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು, ಇದಕ್ಕೆ ಸಾಫ್ಟ್‌ವೇರ್ ಪರಿಹಾರ ಹುಡುಕುತ್ತಾ ಕೂರಬೇಡಿ.

ಭಾಷೆಯ ವಿಷಯದಲ್ಲಿ ಧ್ವನಿ ಕನ್ನಡ, ಕ್ವಿಜ್ ಇಂಗ್ಲಿಷ್ ಅನ್ನುವ ಪ್ಯಾಕೇಜ್ ತುಂಬ ಇವೆ. ಅಂಥದ್ದರಲ್ಲಿ ಪಾಸಾಗುವುದು ಪಕ್ಕದವನನ್ನು ಕೇಳಿಕೊಂಡು. ಕ್ವಿಜ್ ಕನ್ನಡದಲ್ಲಿರಬೇಕು, ಪ್ರಶ್ನೆಯನ್ನು ಓದಿ ಹೇಳುವ ಧ್ವನಿಯೂ ಇರಬೇಕು, ಉತ್ತರಗಳು ಚಿತ್ರಗಳಾದರೆ ಇನ್ನೂ ಒಳ್ಳೆಯದು. ಅಕ್ಷರ ಯೂನಿಕೋಡ್‌ನಲ್ಲಿದೆಯೇ ಅಂತ ಖಚಿತಪಡಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟ್‌ನ ಆಸ್ಕಿ ಪಠ್ಯವನ್ನು ಹಾಗೇ ಅಂಟಿಸಿದ್ದರೆ ಆ ಫಾಂಟ್ ಇಲ್ಲದ ಟ್ಯಾಬ್‌ನಲ್ಲಿ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ‘ಸ್ವಾಸ್ಥ್ಯ’, ‘ವಿದ್ಯುತ್’ ಇರುವ ಒಂದು ಸ್ಲೈಡನ್ನು ಆಂಡ್ರಾಯ್ಡ್‌ನಲ್ಲಿ ತೆರೆದು ಒತ್ತಕ್ಷರ ನೋಡಿ. ಕನ್ನಡ ವಾಕ್ಯ ಬಟನ್‌ನಿಂದ ಆಚೆ ಚಾಚಿಕೊಂಡಿರುವುದೂ ಸಾಮಾನ್ಯ. ಇದನ್ನೆಲ್ಲ ನೀವೇ ತಿದ್ದಬೇಕಾದರೆ ಜಿಪ್ ಸಾಲದು, ಕೋರ್ಸ್ ತಯಾರಿಸುವ ಸ್ಟೋರಿಲೈನ್‌ನಂಥ ಉಪಕರಣದ ಮೂಲ ಫೈಲ್ ಬೇಕು. ಮೂಲ ಫೈಲ್ ಕೊಡುವುದಾಗಿ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಹೊಸ ಬಿಲ್ ಬರುತ್ತದೆ. ಹೊರರಾಜ್ಯದವರು ಎಷ್ಟಿದ್ದಾರೆ ಅಂತ ಗುತ್ತಿಗೆದಾರರಿಂದ ಪಟ್ಟಿ ತರಿಸಿ. ಹಿಂದಿ ಸಾಲದೆ ಒಡಿಯಾ ಬೇಕಾಗಬಹುದು.

ಸ್ಕಾರ್ಮ್_ಮೆಕ್ಯಾನಿಕ್:

ಒಂದು ಬಿಟ್ಟಿದ್ದೆ. ವರ್ಷಕ್ಕೊಮ್ಮೆ ರಿಫ್ರೆಶರ್ ಮಾಡುವುದಾದರೆ ಹಳೆಯ ಟಿಕ್ ಹಾಗೇ ಇರುತ್ತದೆ, ಯಾರೂ ಕೋರ್ಸ್ ತೆರೆಯುವುದಿಲ್ಲ. ಟಿಕ್ ತೆಗೆದು ಕೋರ್ಸ್ ಮತ್ತೆ ಮಾಡಿಸುವ ರೀಕಂಪ್ಲೀಷನ್ ಪ್ಲಗಿನ್ ಹಾಕಿ 365 ದಿನಕ್ಕೆ ಇಡಿ, ಜತೆಗೆ ಹಳೆಯ ಪ್ರಯತ್ನಗಳನ್ನು ಆರ್ಕೈವ್ ಮಾಡುವ ಆಯ್ಕೆಯನ್ನೂ ಆನ್ ಮಾಡಿ. ಅದನ್ನು ಮರೆತು ರೀಸೆಟ್ ಮಾಡಿದರೆ ಹೋದ ವರ್ಷದ ದಾಖಲೆಯೇ ಅಳಿಸಿ ಹೋಗುತ್ತದೆ. ಮತ್ತೆ ಕೋರ್ಸ್‌ನ ಹೊಸ ಆವೃತ್ತಿ ಬಂದಾಗ ಹಳೆಯ ಜಿಪ್ ಜಾಗಕ್ಕೇ ಹೊಸದನ್ನು ಹಾಕಬೇಡಿ, ಅರ್ಧ ಮುಗಿಸಿದವರ ಪ್ರಗತಿ ಕೆಡುತ್ತದೆ. ಹೊಸ ಚಟುವಟಿಕೆಯಾಗಿ ಸೇರಿಸಿ, ಹಳೆಯದನ್ನು ಮರೆಮಾಡಿ.