ಬಣ್ಣ ಹೊಡೆಸಿದ ಮೇಲೆ ಹಳೆಯ ಕಾರಿನ ಬಲಗಡೆಯ ಹೆಡ್‌ಲೈಟ್ ಮಂಕಾಗಿದೆ: ದೋಷ ಎಲ್ಲಿರಬಹುದು?

ಹಳೆಗಾಲಿ (ಪ್ರಶ್ನೆ):

ನನ್ನ ಬಳಿ 1964ರ ಮಾರಿಸ್ ಮೈನರ್ 1000 ಇದೆ. ವೈರಿಂಗ್ ಬಹುಪಾಲು ಮೂಲದ್ದೇ. ಡೈನಮೊ ಬದಲಾಗಿಲ್ಲ, ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಸೇರಿಸುವ ಹಳೆಯ ವ್ಯವಸ್ಥೆಯನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಇತ್ತೀಚೆಗೆ ಬಾಡಿಯನ್ನು ಪೂರ್ತಿ ಕೆರೆಸಿ ಹೊಸ ಬಣ್ಣ ಹೊಡೆಸಿದೆ. ಆಮೇಲಿನಿಂದ ಬಲಗಡೆಯ ಹೆಡ್‌ಲೈಟ್ ಎದ್ದು ಕಾಣುವಷ್ಟು ಮಂಕಾಗಿ, ಹಳದಿಗೆ ತಿರುಗಿದ ಬೆಳಕು ಕೊಡುತ್ತಿದೆ. ಅದಕ್ಕಿಂತ ವಿಚಿತ್ರವೆಂದರೆ, ದೀಪಗಳೆಲ್ಲ ಆರಿರುವಾಗ ಬಲಗಡೆಯ ಇಂಡಿಕೇಟರ್ ಹಾಕಿದರೆ ಅದೇ ಬದಿಯ ಪಾರ್ಕಿಂಗ್ ದೀಪವೂ ಜೊತೆಯಲ್ಲೇ ಮಿನುಗುತ್ತದೆ. ಬಲ್ಬ್‌ಗಳನ್ನು ಅದಲುಬದಲು ಮಾಡಿ ನೋಡಿದರೂ ದೋಷ ಬಲಗಡೆಯಲ್ಲೇ ಉಳಿಯಿತು. ಆದರೆ ಬಲ್ಬ್ ತೆಗೆದು ಹೋಲ್ಡರಿನಲ್ಲಿ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸುತ್ತದೆ. ವೈರಿಂಗ್ ಇಡಿಯಾಗಿ ಬದಲಿಸಬೇಕೆಂಬ ಸಲಹೆ ಬಂದಿದೆ. ನನಗೆ ಅದಕ್ಕೆ ಮನಸ್ಸಿಲ್ಲ. ಎಲ್ಲಿಂದ ಹುಡುಕಲಿ?

ತಾಮ್ರತಂತಿ:

ದಯವಿಟ್ಟು ಈಗಲೇ ವೈರಿಂಗ್ ಕಿತ್ತುಹಾಕಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ಅರ್ಥ್ ಸಂಪರ್ಕದ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯ ಕಡೆಗೇ ಬೆರಳು ಮಾಡುತ್ತಿವೆ. ಈ ಕಾರಿನಲ್ಲಿ ದೀಪಕ್ಕೆ ಸ್ವಿಚ್ಚಿನಿಂದ ಒಂದು ತಂತಿ ಬರುತ್ತದೆ, ಮಂಡಲ ಪೂರ್ಣಗೊಳ್ಳುವುದು ಬಾಡಿಯ ತಗಡಿನ ಮೂಲಕ. ಬಣ್ಣ ಹೊಡೆಯುವವರು ಅರ್ಥ್ ತಂತಿಯ ತುದಿಯ ಬಳೆ ಕೂರುವ ಜಾಗದ ಮೇಲೂ ಪ್ರೈಮರ್ ಹೊಡೆದು, ಅದರ ಮೇಲೆಯೇ ಸ್ಕ್ರೂ ಬಿಗಿದಿದ್ದರೆ, ಸಂಪರ್ಕವೆಂದು ಉಳಿಯುವುದು ಸ್ಕ್ರೂವಿನ ಒಂದೆರಡು ಎಳೆಗಳು ಮಾತ್ರ.

ಪಾರ್ಕಿಂಗ್ ದೀಪ ಮಿನುಗುವುದಕ್ಕೂ ಇದೇ ಕಾರಣ. ನಿಮ್ಮ ಮಾದರಿಯಲ್ಲಿ ಮುಂದಿನ ಇಂಡಿಕೇಟರ್ ಮತ್ತು ಪಾರ್ಕಿಂಗ್ ಬಲ್ಬ್ ಒಂದೇ ಗೂಡಿನಲ್ಲಿದ್ದು ಒಂದೇ ಅರ್ಥನ್ನು ಹಂಚಿಕೊಂಡಿವೆ. ಅದು ಕೆಟ್ಟಾಗ 21 ವ್ಯಾಟ್‌ನ ಇಂಡಿಕೇಟರ್ ಕರೆಂಟ್ ಪಕ್ಕದ ಸಣ್ಣ ಬಲ್ಬಿನ ತಂತುವಿನೊಳಗೆ ಹಾದು, ಪಾರ್ಕಿಂಗ್ ದೀಪಗಳ ಕೆಂಪು ತಂತಿಯನ್ನು ಹಿಡಿದು, ಎಡಗಡೆಯ ಮತ್ತು ಹಿಂಬದಿಯ ದೀಪಗಳ ಒಳ್ಳೆಯ ಅರ್ಥ್‌ಗಳಲ್ಲಿ ತನ್ನ ದಾರಿ ಮಾಡಿಕೊಳ್ಳುತ್ತದೆ.

ಇನ್ನು 12.4 ವೋಲ್ಟ್ ವಿಷಯ. ಬಲ್ಬ್ ತೆಗೆದಾಗ ಕರೆಂಟ್ ಹರಿಯುವುದೇ ಇಲ್ಲ. ಹರಿಯದಿದ್ದರೆ ಕೆಟ್ಟ ಸಂಪರ್ಕದಲ್ಲಿ ವೋಲ್ಟೇಜ್ ಇಳಿಯುವುದೂ ಇಲ್ಲ. ತಂತಿಯ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಿರಿ. ಮೀಟರಿನ ಒಂದು ಕಡ್ಡಿಯನ್ನು ಬಲ್ಬ್ ಹೋಲ್ಡರಿನ ಅರ್ಥ್ ತುದಿಗೂ ಇನ್ನೊಂದನ್ನು ಬಾಡಿಗೆ ಸೇರಿದ ಬ್ಯಾಟರಿ ತುದಿಗೂ ಇಟ್ಟರೆ, ಬಾಡಿಯ ದಾರಿಯಲ್ಲಿ ಎಷ್ಟು ನಷ್ಟವಾಗುತ್ತಿದೆ ಎಂಬುದು ನೇರವಾಗಿ ಗೊತ್ತಾಗುತ್ತದೆ. 0.2 ವೋಲ್ಟ್ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಹಾಗೆಯೇ ಬ್ಯಾಟರಿಯ ಇನ್ನೊಂದು ತುದಿ ಮತ್ತು ಹೋಲ್ಡರಿಗೆ ಬರುವ ತಂತಿಯ ನಡುವೆಯೂ ಅಳೆದು ಬರೆಯಿರಿ.

ಹಳೆಗಾಲಿ:

ಹೇಳಿದಂತೆ ಡಿಪ್ ಹಾಕಿ ಅಳೆದೆ. ಅರ್ಥ್ ಕಡೆಯಲ್ಲಿ ಎಡಕ್ಕೆ 0.2, ಬಲಕ್ಕೆ 1.6 ವೋಲ್ಟ್ ಬಂದಿತು. ಬಲಗಡೆಯ ಅರ್ಥ್ ಸ್ಕ್ರೂ ಬಿಚ್ಚಿದಾಗ ಬಳೆಯ ಅಡಿಯಲ್ಲಿ ಬೂದು ಬಣ್ಣದ ಪ್ರೈಮರ್ ಅಖಂಡವಾಗಿತ್ತು. ಬಳೆಯಷ್ಟೇ ಅಗಲಕ್ಕೆ ಅದನ್ನು ಕೆರೆದು, ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈಗ 0.1 ವೋಲ್ಟ್ ಬರುತ್ತಿದೆ, ಇಂಡಿಕೇಟರ್ ಜೊತೆ ಪಾರ್ಕಿಂಗ್ ದೀಪ ಮಿನುಗುವುದೂ ನಿಂತಿದೆ. ಆದರೆ ತಂತಿಯ ಕಡೆಯಲ್ಲಿ ಎರಡೂ ದೀಪಗಳಿಗೆ 0.9 ವೋಲ್ಟ್ ಇಳಿಕೆ ಇದ್ದೇ ಇದೆ. ಇದನ್ನು ಸಹಿಸಿಕೊಳ್ಳಬಹುದೇ?

ಕಿಲುಬುಶೋಧಕ:

ಸಹಿಸಿಕೊಳ್ಳಬೇಡಿ. ತಂತುವಿನ ಬಲ್ಬಿನಲ್ಲಿ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ, 0.9 ವೋಲ್ಟ್ ಎಂದರೆ ಬೆಳಕಿನ ಐದನೆಯ ಒಂದು ಭಾಗವಾದರೂ ಹೋಯಿತು. ಎರಡೂ ಬದಿಗೆ ಒಂದೇ ಇಳಿಕೆ ಬಂದಿರುವುದರಿಂದ ದೋಷವು ತಂತಿ ಎರಡಾಗಿ ಕವಲೊಡೆಯುವುದಕ್ಕೆ ಮೊದಲೇ ಇದೆ. ದಾರಿ ಹೀಗಿದೆ: ದೀಪದ ಸ್ವಿಚ್ಚಿನಿಂದ ನೀಲಿ ತಂತಿ ನೆಲದ ಮೇಲಿನ ಕಾಲೊತ್ತು ಡಿಪ್ ಸ್ವಿಚ್ಚಿಗೆ ಬರುತ್ತದೆ, ಅಲ್ಲಿಂದ ಡಿಪ್‌ಗೆ ಕೆಂಪು ಗೆರೆಯ ನೀಲಿ, ಹೈಬೀಮ್‌ಗೆ ಬಿಳಿ ಗೆರೆಯ ನೀಲಿ ತಂತಿ ಹೊರಡುತ್ತವೆ. ದೀಪ ಉರಿಯುತ್ತಿರುವಾಗ ಡಿಪ್ ಸ್ವಿಚ್ಚಿನ ಒಳಬರುವ ಮತ್ತು ಹೊರಹೋಗುವ ತುದಿಗಳ ನಡುವೆ ಮೀಟರ್ ಇಡಿ. ಬೂಟಿನ ಮಣ್ಣು, ನೀರು ಎಲ್ಲವೂ ಆ ಸ್ವಿಚ್ಚಿನ ಮೇಲೆಯೇ ಬೀಳುವುದರಿಂದ ನನ್ನ ಮೊದಲ ಅನುಮಾನ ಅದರ ಮೇಲೆ. ಅಲ್ಲಿ ಸರಿಯಿದ್ದರೆ ಮುಂಭಾಗದಲ್ಲಿ ತಂತಿಗಳನ್ನು ಜೋಡಿಸುವ ಬುಲೆಟ್ ಕನೆಕ್ಟರ್‌ಗಳ ರಬ್ಬರ್ ಸರಿಸಿ ನೋಡಿ. ಹಿತ್ತಾಳೆ ಹಸಿರು ಕಿಲುಬು ಹಿಡಿದಿದ್ದರೆ ಹೊಸದನ್ನೇ ಹಾಕಿ, ಅವನ್ನು ಉಜ್ಜಿ ಪ್ರಯೋಜನವಿಲ್ಲ.

ಬಿಚ್ಚುವ ಮೊದಲು ಬ್ಯಾಟರಿಯ ತಂತಿ ತೆಗೆಯಿರಿ. ಈ ಕಾರಿನ ಮೂಲ ವೈರಿಂಗ್‌ನಲ್ಲಿ ಹೆಡ್‌ಲೈಟ್‌ಗಳಿಗೆ ಫ್ಯೂಸೇ ಇಲ್ಲವಾದ್ದರಿಂದ, ಸ್ಪ್ಯಾನರ್ ಬಾಡಿಗೆ ತಾಗಿದರೆ ಸುಡುವುದು ತಂತಿಯೇ.

ಹಳೆಗಾಲಿ:

ಡಿಪ್ ಸ್ವಿಚ್ಚಿನಲ್ಲೇ 0.6 ವೋಲ್ಟ್ ಸಿಕ್ಕಿತು. ಅದನ್ನು ಬದಲಿಸುವಾಗಲೇ ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್) ಹಾಕಿಸುವುದು ಒಳ್ಳೆಯದೇ?

ತಾಮ್ರತಂತಿ:

ಒಳ್ಳೆಯದೇ. ಹೈಬೀಮ್‌ಗೊಂದು, ಡಿಪ್‌ಗೊಂದು ರಿಲೇ ಹಾಕಿ, ಪ್ರತಿಯೊಂದಕ್ಕೂ 15 ಆಂಪಿಯರ್ ಫ್ಯೂಸ್ ಇಟ್ಟರೆ, ಹಳೆಯ ಸ್ವಿಚ್ಚುಗಳ ಮೂಲಕ ರಿಲೇಯ ಸುರುಳಿಗೆ ಬೇಕಾದ ಅಲ್ಪ ಕರೆಂಟ್ ಮಾತ್ರ ಹರಿಯುತ್ತದೆ, ಫ್ಯೂಸ್ ಇಲ್ಲದ ಅಪಾಯವೂ ತಪ್ಪುತ್ತದೆ. ಮೂಲ ತಂತಿಗಳನ್ನು ಕತ್ತರಿಸದೆಯೇ ಇದನ್ನು ಜೋಡಿಸಬಹುದು. ಒಂದು ಎಚ್ಚರಿಕೆ ಮಾತ್ರ: ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಕೊಂಡರೆ, ನಿಮ್ಮ ಕಾರಿನಲ್ಲಿ ಬಾಡಿ ಪ್ಲಸ್ ಆಗಿರುವುದರಿಂದ ರಿಲೇಯ ಸುರುಳಿಯ ತುದಿಗಳಾದ 85 ಮತ್ತು 86ರ ತಂತಿಗಳನ್ನು ಅದಲುಬದಲು ಮಾಡಬೇಕಾಗುತ್ತದೆ, ಡಯೋಡ್ ಇಲ್ಲದ್ದನ್ನೇ ಕೊಂಡರೆ ಆ ತೊಡಕಿಲ್ಲ. ಹೆಚ್ಚು ವ್ಯಾಟ್‌ನ ಹ್ಯಾಲೊಜನ್ ಬಲ್ಬ್‌ಗಳ ಯೋಚನೆ ಬೇಡ. ನಿಧಾನಗತಿಯಲ್ಲಿ ಈ ಡೈನಮೊ ಚಾರ್ಜ್ ಮಾಡುವುದೇ ಇಲ್ಲ, ಆಗ ದೀಪಗಳ ಭಾರವನ್ನೆಲ್ಲ ಬ್ಯಾಟರಿಯೇ ಹೊರಬೇಕಾಗುತ್ತದೆ.